ಹೊಸ ಸ್ಪೋರ್ಟ್ಸ್ ಕಾರು: ಮೊದಲ 3,000 ಕಿ.ಮೀ. ಎಂಜಿನ್ ಪಳಗಿಸುವುದು ಹೇಗೆ, ಏಕೆ?

ಕೋಟಿ ರೂಪಾಯಿ ಕೊಟ್ಟು ಸ್ಪೋರ್ಟ್ಸ್ ಕಾರು ಮನೆಗೆ ತಂದವರಿಗೆ ಅದರ ಕೈಪಿಡಿ ಮೊದಲು ಹೇಳುವುದೇ 'ಸದ್ಯಕ್ಕೆ ಜೋರಾಗಿ ಓಡಿಸಬೇಡಿ' ಎಂದು. ಪೋರ್ಷೆ 911ರ ಹಲವು ಮಾದರಿಗಳಲ್ಲಿ ಮೊದಲ 3,000 ಕಿ.ಮೀ.ವರೆಗೆ ಎಂಜಿನ್ ವೇಗ 4,000 ಆರ್‌ಪಿಎಂ ಆಸುಪಾಸು ದಾಟಬಾರದು. 7,000 ದಾಟಿ ತಿರುಗಬಲ್ಲ ಎಂಜಿನ್‌ಗೆ ಈ ಮಿತಿ! ಬಿಎಂಡಬ್ಲ್ಯು ಎಂ3, ಎಂ4 ಕಾರುಗಳಿಗೆ ಮೊದಲ 2,000 ಕಿ.ಮೀ.ವರೆಗೆ 5,500 ಆರ್‌ಪಿಎಂ ಮತ್ತು ಗಂಟೆಗೆ 170 ಕಿ.ಮೀ. ವೇಗದ ಗಡಿ ಇದೆ. ಭಾರತದ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾನೂನು ಒಪ್ಪುವ ಗರಿಷ್ಠ ವೇಗವೇ 120 ಕಿ.ಮೀ. ಆಗಿರುವುದರಿಂದ ನಮ್ಮವರಿಗೆ ಈ ಎರಡನೇ ಗಡಿ ಹೆಸರಿಗಷ್ಟೇ.

ಹೊಸ ದೋಸೆ ಕಾವಲಿಯನ್ನು ಪಳಗಿಸದೆ ಹಿಟ್ಟು ಹೊಯ್ದರೆ ಏನಾಗುತ್ತದೆ ಎಂಬುದು ಎಲ್ಲ ಅಡುಗೆಮನೆಗಳಿಗೂ ಗೊತ್ತು. ಕಾವಲಿಯನ್ನಾದರೆ ತಿಕ್ಕಿ ತೊಳೆದು ಮತ್ತೆ ಪಳಗಿಸಬಹುದು. ಎಂಜಿನ್‌ನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕೆಂದರೆ ಅದನ್ನು ಬಿಚ್ಚಲೇಬೇಕು.

ಒಳಗೆ ನಡೆಯುವುದೇನು?

ಸಿಲಿಂಡರ್‌ನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಕಾರ್ಖಾನೆಯಲ್ಲಿ 'ಹೋನಿಂಗ್' ಮಾಡುವಾಗ ಅದರ ಮೇಲೆ ಒಂದನ್ನೊಂದು ಕತ್ತರಿಸುವ ಓರೆ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಗೀರಿನ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಉಬ್ಬುಗಳು ಮಾತ್ರ ಪಿಸ್ಟನ್ ರಿಂಗ್‌ಗಳ ಉಜ್ಜಾಟಕ್ಕೆ ತುಸು ತುಸುವೇ ಸವೆಯಬೇಕು. ಹಾಗೆ ಸವೆದಾಗಲೇ ರಿಂಗ್ ಮತ್ತು ಗೋಡೆ ಒಂದಕ್ಕೊಂದು ಹೊಂದಿಕೊಂಡು, ದಹನದ ಅನಿಲ ಕೆಳಗೆ ಸೋರದಂತೆ, ಎಣ್ಣೆ ಮೇಲಕ್ಕೆ ಏರದಂತೆ ತಡೆ ಬೀಳುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ರಿಂಗ್ ಗೋಡೆಗೆ ಒತ್ತಿಕೊಳ್ಳುವುದು ಬರೀ ತನ್ನ ಸ್ಪ್ರಿಂಗ್ ಬಲದಿಂದಲ್ಲ. ಇಂಧನ ಉರಿದಾಗ ಹುಟ್ಟುವ ಅನಿಲ ಮೇಲಿನ ರಿಂಗ್‌ನ ಹಿಂಬದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್ ಮೇಲೆ ಹೊರೆ ಬಿದ್ದಷ್ಟೂ ಈ ಒತ್ತಡ ಹೆಚ್ಚು. ಹೀಗಾಗಿ 'ಪಳಗಿಸುವುದು ಎಂದರೆ ಮೊಟ್ಟೆ ಹೊತ್ತವರ ಹಾಗೆ ಮೆಲ್ಲಗೆ ಹೋಗುವುದು' ಎಂಬ ನಂಬಿಕೆ ಅರ್ಧ ಮಾತ್ರ ಸರಿ. ತಿಂಗಳುಗಟ್ಟಲೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ, ಗಂಟೆಗಟ್ಟಲೆ ನ್ಯೂಟ್ರಲ್‌ನಲ್ಲಿ ಗುರುಗುಟ್ಟುವ ಕಾರಿನಲ್ಲಿ ರಿಂಗ್‌ಗೆ ಬೇಕಾದ ಒತ್ತಡವೇ ಸಿಗುವುದಿಲ್ಲ. ಎಣ್ಣೆ ಗೋಡೆಗೆ ಅಂಟಿ ಬೆಂದು ಹೊಳಪಿನ ಪದರವಾಗಿ ಗೀರುಗಳನ್ನು ಮುಚ್ಚಿಬಿಡುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ 'ಗ್ಲೇಜಿಂಗ್' ಎನ್ನುವುದು. ಅಂಥ ಎಂಜಿನ್ ಮುಂದೆ ಎಣ್ಣೆ ಕುಡಿಯುವ ಚಾಳಿ ಬಿಡುವುದು ಕಷ್ಟ.

ಮತ್ತೊಂದು ತುದಿಯಲ್ಲಿ, ಮೊದಲ ದಿನವೇ ಆಕ್ಸಿಲರೇಟರ್ ನೆಲಕ್ಕೊತ್ತಿದರೆ ಇನ್ನೂ ಸವೆಯದ ಉಬ್ಬುಗಳು ವಿಪರೀತ ಕಾದು ಗೋಡೆಯೇ ಗೀರಿಕೊಳ್ಳಬಹುದು. ಬೇಕಿರುವುದು ಇವೆರಡರ ನಡುವಿನ ದಾರಿ: ಮಧ್ಯಮ ಹೊರೆ, ಸದಾ ಬದಲಾಗುವ ವೇಗ.

ನಮ್ಮ ರಸ್ತೆಗಳಲ್ಲಿ ಹೇಗೆ?

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಅಥವಾ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಕುಳಿತರೆ ಅದು ಪಳಗಿಸುವಿಕೆ ಅನಿಸಿಕೊಳ್ಳದು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಾನಾಗಿ ಮೇಲಿನ ಗೇರ್ ಹಿಡಿದು ಎಂಜಿನ್ ಅನ್ನು ತೂಕಡಿಸಲು ಬಿಟ್ಟಿರುತ್ತದೆ. ಮ್ಯಾನ್ಯುಯಲ್ ಮೋಡ್‌ಗೆ ಬಂದು ಮೂರು, ನಾಲ್ಕು, ಐದನೇ ಗೇರ್‌ಗಳಲ್ಲಿ ಕೈಪಿಡಿಯ ಮಿತಿಯೊಳಗೆ ವೇಗ ಏರಿಸಿ ಇಳಿಸುತ್ತಾ ಹೋಗುವುದು ಮೇಲು. ಬೆಳಗಿನ ಜಾವ ಖಾಲಿ ಇರುವ ಘಾಟ್ ರಸ್ತೆ ಇದಕ್ಕೆ ಇನ್ನೂ ಒಳ್ಳೆಯದು. ಏರಿನಲ್ಲಿ ಹದವಾದ ಹೊರೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ವಿರಾಮ, ಎರಡೂ ಸಿಗುತ್ತವೆ. ಆದರೆ ಏರಿನಲ್ಲಿ ಮೇಲಿನ ಗೇರ್‌ನಲ್ಲೇ ಎಂಜಿನ್ ತಿಣುಕುವಂತೆ ಮಾಡಬಾರದು. ಇಳಿಯುವಾಗ ಬ್ರೇಕ್‌ಗೆ ಬದಲಾಗಿ ಧಡಕ್ಕನೆ ಗೇರ್ ಇಳಿಸುವುದೂ ಬೇಡ.

ತಣ್ಣಗಿರುವ ಎಂಜಿನ್ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಎಣ್ಣೆ ನಿಧಾನ. ಕೂಲೆಂಟ್‌ನ ಮುಳ್ಳು ಮಧ್ಯಕ್ಕೆ ಬಂತೆಂದು ಎಂಜಿನ್ ಸಿದ್ಧವಾಯಿತು ಎಂದುಕೊಳ್ಳುವಂತಿಲ್ಲ. ಬಹುತೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಎಣ್ಣೆಯ ಉಷ್ಣತೆಯೂ ಕಾಣುತ್ತದೆ, ನೋಡಬೇಕಾದದ್ದು ಅದನ್ನು. ಬಿಎಂಡಬ್ಲ್ಯು ಎಂ ಕಾರುಗಳಲ್ಲಂತೂ ಎಣ್ಣೆ ಬಿಸಿಯಾದಂತೆಲ್ಲ ಟ್ಯಾಕೊಮೀಟರ್‌ನ ಎಚ್ಚರಿಕೆ ಗಡಿಯೇ ಮೇಲೇರುತ್ತದೆ.

ಹಳೇ ನಂಬಿಕೆಯೇ?

ಬ್ರಿಟನ್‌ನಲ್ಲಿ ಒಂದು ಕಾಲಕ್ಕೆ ಹೊಸ ಕಾರಿನ ಹಿಂದಿನ ಗಾಜಿಗೆ 'ರನ್ನಿಂಗ್ ಇನ್, ಪ್ಲೀಸ್ ಪಾಸ್' ಎಂಬ ಚೀಟಿ ಅಂಟಿಸುತ್ತಿದ್ದರು. ಈಗ ಯಂತ್ರಗಳ ನಿಖರತೆ ಹೆಚ್ಚಿದೆ, ಸಿಂಥೆಟಿಕ್ ಎಣ್ಣೆ ಬಂದಿದೆ, ಆದ್ದರಿಂದ ಇದೆಲ್ಲ ಬೇಡ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ಹ್ಯುಂಡೈ ತನ್ನ ಸಾಮಾನ್ಯ ಕಾರುಗಳಿಗೆ ವಿಶೇಷ ಪಳಗಿಸುವ ಅವಧಿ ಬೇಕಿಲ್ಲ ಎನ್ನುತ್ತಲೇ ಮೊದಲ 1,000 ಕಿ.ಮೀ.ಗೆ ಕೆಲವು ಎಚ್ಚರಿಕೆ ಹೇಳಿ ಮುಗಿಸುತ್ತದೆ. 'ಮೊದಲ ದಿನದಿಂದಲೇ ಜೋರಾಗಿ ಓಡಿಸಿ, ರಿಂಗ್ ಚೆನ್ನಾಗಿ ಕೂರುತ್ತದೆ' ಎಂಬ ಗುಂಪು ಉದಾಹರಣೆಗೆ ಕೊಡುವುದು ರೇಸ್ ಎಂಜಿನ್‌ಗಳನ್ನು. ಆದರೆ ರೇಸ್ ಎಂಜಿನ್ ಅನ್ನು ಆಗಾಗ ಬಿಚ್ಚಿ ಕಟ್ಟುತ್ತಾರೆ, ಅದು ಲಕ್ಷ ಕಿ.ಮೀ. ಬಾಳಬೇಕೆಂದು ಯಾರೂ ಬಯಸುವುದಿಲ್ಲ. ಮೇಲಾಗಿ ವಾರಂಟಿ ಕೊಡುವವರು ಕೈಪಿಡಿ ಬರೆದವರೇ ಹೊರತು ಈ ಗುಂಪಿನವರಲ್ಲ.

ತಯಾರಕರು ಈ ಅವಧಿಯನ್ನು ಎಷ್ಟು ಗಂಭೀರವಾಗಿ ನೋಡುತ್ತಾರೆ ಎಂಬುದಕ್ಕೆ ಅಮೆರಿಕದ ಷೆವ್ರೊಲೆ ಕಾರ್ವೆಟ್ ಸಿ8 ಸಾಕ್ಷಿ. ಮೊದಲ 500 ಮೈಲಿ, ಅಂದರೆ ಸುಮಾರು 800 ಕಿ.ಮೀ.ವರೆಗೆ ಅದರ ಸಾಫ್ಟ್‌ವೇರ್ ಎಂಜಿನ್ನಿನ ಟಾರ್ಕ್ ಅನ್ನು ತಾನೇ ತಗ್ಗಿಸುತ್ತದೆ. ರೇಸ್ ಟ್ರ್ಯಾಕ್‌ಗೆ ಇಳಿಯಬೇಕಾದರೆ 1,500 ಮೈಲಿ ಮುಗಿದಿರಬೇಕು.

ಎಂಜಿನ್ ಜೊತೆಗೆ ಉಳಿದ ಭಾಗಗಳೂ ಪಳಗಬೇಕು. ಹೊಸ ಟೈರ್‌ಗೆ ಮೊದಲ ಕೆಲವು ನೂರು ಕಿ.ಮೀ. ಪೂರ್ತಿ ಹಿಡಿತ ಇರುವುದಿಲ್ಲ, ಬ್ರೇಕ್ ಪ್ಯಾಡ್‌ಗಳೂ ಡಿಸ್ಕ್‌ಗೆ ಹೊಂದಿಕೊಳ್ಳಬೇಕು. ಡಿಫರೆನ್ಷಿಯಲ್ ಅನ್ನು ಮರೆಯುವವರೇ ಹೆಚ್ಚು. ಅದರ ಹಲ್ಲುಗಳು ಒಂದಕ್ಕೊಂದು ಕೂರುವಾಗ ಉದುರುವ ಲೋಹದ ಪುಡಿ ಎಣ್ಣೆಯಲ್ಲಿ ಸೇರುತ್ತದೆ. ಅದಕ್ಕಾಗಿಯೇ ಬಿಎಂಡಬ್ಲ್ಯು ಎಂ ಕಾರುಗಳಿಗೆ 2,000 ಕಿ.ಮೀ. ಸರ್ವಿಸ್‌ನಲ್ಲಿ ಎಂಜಿನ್ ಎಣ್ಣೆಯ ಜೊತೆ ಡಿಫರೆನ್ಷಿಯಲ್ ಎಣ್ಣೆಯನ್ನೂ ಬದಲಿಸುತ್ತಾರೆ. ವರ್ಷಕ್ಕೊಮ್ಮೆ ಸರ್ವಿಸ್ ಸಾಕು ಎಂದು ಈ ಮೊದಲ ಭೇಟಿ ತಪ್ಪಿಸಿಕೊಂಡರೆ ಮುಂದೆ ವಾರಂಟಿ ಕೇಳುವಾಗ ತಕರಾರು ಏಳಬಹುದು.

ಈ ಅವಧಿಯಲ್ಲಿ ಎಣ್ಣೆ ತುಸು ಹೆಚ್ಚು ಖರ್ಚಾಗುವುದು ಸಹಜ. ಹಲವು ಕಾರುಗಳಲ್ಲಿ ಈಗ ಡಿಪ್‌ಸ್ಟಿಕ್ಕೇ ಇಲ್ಲ, ಮಟ್ಟವನ್ನು ಪರದೆಯ ಮೇಲೆಯೇ ನೋಡಬೇಕು. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ನೋಡಿ, ಎಷ್ಟು ಕಿ.ಮೀ.ಗೆ ಎಷ್ಟು ಎಣ್ಣೆ ತುಂಬಿಸಿದಿರಿ ಎಂದು ಬರೆದಿಡಿ. ಪಳಗಿಸುವ ಅವಧಿ ಮುಗಿದ ಮೇಲೂ ಮಟ್ಟ ಅದೇ ಬಗೆಯಲ್ಲಿ ಇಳಿಯುತ್ತಿದ್ದರೆ ಸರ್ವಿಸ್ ಸೆಂಟರ್‌ನವರು ಮೊದಲು ಕೇಳುವುದು ಆ ಲೆಕ್ಕವನ್ನೇ.