ಆಂಡಿಸ್ ಬಾನುಲಿಯ ಚುಕ್ಕಾಣಿ

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ರಾಜಧಾನಿ ಕ್ವಿಟೊದಿಂದ 1931ರ ಡಿಸೆಂಬರ್ 25ರಂದು ಎಚ್‌ಸಿಜೆಬಿ ಎಂಬ ಕ್ರೈಸ್ತ ಬಾನುಲಿ ಕೇಂದ್ರದ ಮೊದಲ ಪ್ರಸಾರ ನಡೆಯಿತು. ಪ್ರೇಷಕದ ಶಕ್ತಿ ಸುಮಾರು 200 ವ್ಯಾಟ್. ಕೇಳಲು ಇಡೀ ದೇಶದಲ್ಲಿದ್ದ ರೇಡಿಯೊಗಳು ಬೆರಳೆಣಿಕೆಯಷ್ಟು. ಕೇಂದ್ರವನ್ನು ಕಟ್ಟಿದವರು ಅಮೆರಿಕದ ಕ್ಲಾರೆನ್ಸ್ ಜೋನ್ಸ್ ಮತ್ತು ರೂಬೆನ್ ಲಾರ್ಸನ್. ಜೋನ್ಸ್ ಟ್ರಾಂಬೋನ್ ವಾದಕ. ಶಿಕಾಗೊದಲ್ಲಿ ಪಾಲ್ ರೇಡರ್ ಅವರ ಬಾನುಲಿ ಪ್ರವಚನಗಳ ತಂಡದಲ್ಲಿ ಪಳಗಿದವರು. ಲಾರ್ಸನ್ ಅಮೆಜಾನ್ ಕಡೆಯ ಕಾಡಿನಲ್ಲಿ ಕಿಚುವಾ ಜನರ ನಡುವೆ ಕೆಲಸ ಮಾಡುತ್ತಿದ್ದ ಮಿಷನರಿ. ಹಾದಿಯಿಲ್ಲದ ಕಣಿವೆಗಳಿಗೂ ದನಿ ತಲುಪಬಲ್ಲದು ಎಂಬುದು ಇಬ್ಬರ ನಂಬಿಕೆ. ಸರ್ಕಾರ ಅವರಿಗೆ 25 ವರ್ಷಗಳ ಪರವಾನಗಿ ಕೊಟ್ಟಿತು.

ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದ ಕ್ವಿಟೊದಲ್ಲಿ ಗಾಳಿ ತೆಳು. ಪ್ರೇಷಕದ ಶಕ್ತಿ ಹೆಚ್ಚಿಸಿದಾಗ ಆಂಟೆನಾದ ತುದಿಗಳಲ್ಲಿ ವಿದ್ಯುತ್ ಕಿಡಿಯಾಗಿ ಸೋರಿ ಲೋಹವೇ ಕರಗತೊಡಗಿತು. 1940ರ ದಶಕದ ಆರಂಭದಲ್ಲಿ ಇಂಜಿನಿಯರ್ ಕ್ಲಾರೆನ್ಸ್ ಮೂರ್ ತುದಿಯೇ ಇಲ್ಲದ ಚೌಕಾಕಾರದ ತಂತಿಸುತ್ತಿನ ಆಂಟೆನಾ ರೂಪಿಸಿ ಈ ತೊಡಕನ್ನು ಬಿಡಿಸಿದರು. ‘ಕ್ಯೂಬಿಕಲ್ ಕ್ವಾಡ್’ ಎಂಬ ಆ ವಿನ್ಯಾಸವನ್ನು ಹವ್ಯಾಸಿ ರೇಡಿಯೊ ಪ್ರಿಯರು ಇಂದಿಗೂ ಬಳಸುತ್ತಾರೆ. ಧರ್ಮಪ್ರಚಾರದ ಕೇಂದ್ರವೊಂದು ಲೋಕಕ್ಕೆ ಕೊಟ್ಟ ಅತಿ ಬಾಳಿಕೆಯ ಕೊಡುಗೆ ಪ್ರಾಯಶಃ ಇದೇ.

ಮೊದಲ ಮೂರು ದಶಕ ಸಂಸ್ಥೆಯೆಂದರೆ ಜೋನ್ಸ್ ಎಂಬಂತಿತ್ತು. ದೇಣಿಗೆ, ಸಂಗೀತ, ಸರ್ಕಾರದೊಂದಿಗಿನ ಮಾತುಕತೆ ಎಲ್ಲಕ್ಕೂ ಅವರೇ ಮುಖ. ಇಂಥ ಸಂಸ್ಥೆಗಳು ಸ್ಥಾಪಕರು ಹಿಂದೆ ಸರಿದಾಗ ಸೊರಗುವುದುಂಟು. ಇಲ್ಲಿ ಹಾಗಾಗಲಿಲ್ಲ. ಜೋನ್ಸ್ ಬದುಕಿರುವಾಗಲೇ ಅಧಿಕಾರ ಬಿಟ್ಟರು. 1962ರಲ್ಲಿ ಏಬ್ ವ್ಯಾನ್ ಡರ್ ಪುಯ್ ಅಧ್ಯಕ್ಷರಾದರು. 1945ರಿಂದ ಈಕ್ವೆಡಾರ್‌ನಲ್ಲಿದ್ದ ಅವರು ಹೊರಗಿನಿಂದ ಕರೆತಂದ ಆಡಳಿತಗಾರರಲ್ಲ. 1956ರಲ್ಲಿ ಐವರು ಮಿಷನರಿಗಳು ಅಮೆಜಾನ್ ಕಾಡಿನ ವಾವೊರಾನಿ ಜನರ ಕೈಯಲ್ಲಿ ಹತರಾದಾಗ ಸುದ್ದಿಯನ್ನು ಹೊರಜಗತ್ತಿಗೆ ತಲುಪಿಸಿದವರಲ್ಲಿ ಅವರೂ ಒಬ್ಬರು. ಇನ್ನೊಂದು ಅನುಕೂಲವೂ ಇತ್ತು: ಅಷ್ಟರಲ್ಲಿ ಸಂಸ್ಥೆ ಬಾನುಲಿಯೊಂದನ್ನೇ ನೆಚ್ಚಿರಲಿಲ್ಲ. 1955ರಲ್ಲಿ ಕ್ವಿಟೊದಲ್ಲಿ, 1958ರಲ್ಲಿ ಕಾಡಂಚಿನ ಶೆಲ್ ಊರಿನಲ್ಲಿ ಅದರ ಆಸ್ಪತ್ರೆಗಳು ತೆರೆದಿದ್ದವು. ಒಬ್ಬರ ವರ್ಚಸ್ಸಿನ ಮೇಲೆ ನಿಲ್ಲಲಾಗದಷ್ಟು ಕೆಲಸ ಬೆಳೆದಿದ್ದರಿಂದಲೇ ಹಸ್ತಾಂತರ ಸುಗಮವಾಯಿತೆನ್ನಬೇಕು.

ವ್ಯಾನ್ ಡರ್ ಪುಯ್ ಸುಮಾರು ಎರಡು ದಶಕ ಹೊಣೆ ಹೊತ್ತರು. ಕ್ವಿಟೊ ಬಳಿಯ ಪಿಫೊದಲ್ಲಿದ್ದ ಪ್ರೇಷಕಗಳ ಹಸಿವು ತಣಿಸಲು ಪಾಪಲ್ಯಾಕ್ಟದಲ್ಲಿ ಸಂಸ್ಥೆಯದೇ ಜಲವಿದ್ಯುತ್ ಸ್ಥಾವರ ಎದ್ದದ್ದು ಈ ಅವಧಿಯಲ್ಲಿ. 1980ರ ದಶಕದ ಆರಂಭಕ್ಕೆ 500 ಕಿಲೋವ್ಯಾಟ್ ಪ್ರೇಷಕವೂ ಬಂತು. ಜೋನ್ಸ್ 1986ರಲ್ಲಿ ತೀರಿಕೊಂಡರು.

ಮುಂದಿನ ಅಧ್ಯಕ್ಷರಿಗೆ ಎದುರಾದದ್ದು ಬೇರೆ ಬಗೆಯ ಸವಾಲು. ಶಾರ್ಟ್‌ವೇವ್ ಕೇಳುಗರು ಕರಗುತ್ತಿದ್ದರು. ಎಫ್‌ಎಂ, ಉಪಗ್ರಹ ಮತ್ತು ಸ್ಥಳೀಯ ಕೇಂದ್ರಗಳಿಗೆ ನೆರವಾಗುವುದೇ ಲೇಸೆನಿಸಿತು. ಕ್ವಿಟೊದ ಹೊಸ ವಿಮಾನ ನಿಲ್ದಾಣಕ್ಕೆ ಪಿಫೊದ ಗೋಪುರಗಳು ಅಡ್ಡಿಯಾದವು. ಅಲ್ಲಿನ ಶಾರ್ಟ್‌ವೇವ್ ಪ್ರಸಾರ 2009ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಮಾತೃಸಂಸ್ಥೆ 2014ರಲ್ಲಿ ‘ರೀಚ್ ಬಿಯಾಂಡ್’ ಎಂದು ಹೆಸರು ಬದಲಿಸಿಕೊಂಡಿತು. ಹಳೆಯ ಹೆಸರು ಕ್ವಿಟೊದ ಸ್ಪ್ಯಾನಿಷ್ ಎಫ್‌ಎಂ ಕೇಂದ್ರಕ್ಕೆ ಉಳಿದಿದೆ.