ಮಡಕೆಯ ಮಡಿ

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆವು. ಮೊಳಕಾಲ್ಮೂರು ತಾಲ್ಲೂಕಿನ ಈ ಬೆಟ್ಟದ ಬುಡದಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಶಾಸನ ನೋಡಿ ಹೊರಗೆ ಬಂದಾಗ ಹುಡುಗಿಯೊಬ್ಬಳು ಹೊಲದ ಬದುವಿನಿಂದ ಒಂದು ಮಡಕೆ ಚೂರು ಎತ್ತಿಕೊಂಡು ಬಂದಳು. ಒಳಮೈ ಕಪ್ಪು, ಹೊರಮೈ ಕೆಂಪು. "ಮಿಸ್, ನಮ್ಮಜ್ಜಿ ಕಂಡರೆ ಬೈತಾಳೆ. ಯಾರ ಮನೇದೋ ಏನೋ, ಮುಟ್ಟಬೇಡ ಅಂತಾಳೆ" ಎಂದಳು. ಅದನ್ನು ಇದ್ದಲ್ಲೇ ಇಡಿಸಿದೆ. ಅವಳ ಮಾತು ಮಾತ್ರ ನನ್ನ ಜೊತೆ ಮನೆಗೆ ಬಂತು.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆಸಿದಾಗ ಮೂರು ಕಾಲದ ಬದುಕು ಒಂದರ ಮೇಲೊಂದು ಕಂಡಿತು: ಕಲ್ಲುಕೊಡಲಿಯ ಜನ, ದೊಡ್ಡ ಕಲ್ಲುಗೋರಿಗಳ ಜನ, ಸಾತವಾಹನರ ಕಾಲದ ಜನ. ಅವುಗಳನ್ನು ಬೇರ್ಪಡಿಸಲು ಮುಖ್ಯವಾಗಿ ನೆರವಾದದ್ದು ಮಡಕೆ ಚೂರುಗಳೇ. ಮಡಕೆ ಬೇಗ ಒಡೆಯುತ್ತದೆ, ಚೂರು ಮಾತ್ರ ಸಾಯುವುದಿಲ್ಲ.

ನಮ್ಮಜ್ಜಿಯ ಮನೆಯಲ್ಲಿ ಮಡಕೆ ಹೋಗುವುದಕ್ಕೆ ಎರಡು ದಾರಿ. ಒಂದು ಕೈಜಾರಿ, ಇನ್ನೊಂದು ಮೈಲಿಗೆಯಾಗಿ. ಸೂತಕ ಕಳೆದ ದಿನ ಹಿತ್ತಾಳೆ, ಕಂಚಿನ ಪಾತ್ರೆಗಳು ಹುಣಿಸೆಹಣ್ಣು, ಬೂದಿ ಕಂಡು ಒಳಗೆ ಬರುತ್ತಿದ್ದವು. ಮಣ್ಣಿನವು ತಿಪ್ಪೆಗೆ ಹೋಗುತ್ತಿದ್ದವು. "ಮಣ್ಣು ಕುಡಿದುಬಿಡುತ್ತೆ ಕಣೇ, ಬಿಡೋದಿಲ್ಲ" ಎನ್ನುತ್ತಿದ್ದಳು ಅಜ್ಜಿ.

ಅಜ್ಜಿ ಕಾಣದ ಯಹೂದಿಗಳ ಧರ್ಮಗ್ರಂಥವೂ ಇದನ್ನೇ ಹೇಳುತ್ತದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇಲಿಯಂಥ ಪ್ರಾಣಿ ಸತ್ತು ಮಣ್ಣಿನ ಪಾತ್ರೆಯೊಳಗೆ ಬಿದ್ದರೆ ಪಾತ್ರೆಯನ್ನು ಒಡೆಯಬೇಕು ಎನ್ನುತ್ತದೆ ಅದು. ಅವರು ಊಟಕ್ಕೆ ತಕ್ಕದ್ದನ್ನು ಕೋಷರ್ ಎನ್ನುತ್ತಾರೆ. ಹಂದಿ ನಿಷಿದ್ಧ, ಮಾಂಸಕ್ಕೂ ಹಾಲಿಗೂ ಬೇರೆ ಬೇರೆ ಪಾತ್ರೆ. ತಪ್ಪಿ ಬೆರಕೆಯಾದರೆ ಶುದ್ಧಿಗೆ ಒಂದು ಲೆಕ್ಕವಿದೆ: ಪಾತ್ರೆ ಹೇಗೆ ಹೀರಿಕೊಂಡಿತೋ ಹಾಗೆಯೇ ಬಿಡಬೇಕು. ನೀರಿನಲ್ಲಿ ಬೇಯಿಸಿದ ಪಾತ್ರೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸುತ್ತಾರೆ. ಬೆಂಕಿಯ ಮೇಲೆ ನೇರವಾಗಿ ಸುಡುವ ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಯಿಸುತ್ತಾರೆ. ಮಣ್ಣಿಗೆ ಮಾತ್ರ ಈ ಉಪಾಯ ನಡೆಯದು.

ಈ ಜನ ನಮಗೆ ತೀರ ಹೊರಗಿನವರೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಟ್ಯುನೀಶಿಯದಿಂದ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಅವನ ಕಸುಬು, ಕೇಳಿದರೆ ನಗು ಬರುತ್ತದೆ, ಪಾತ್ರೆಯದೇ. ಏಡನ್ನಿನ ಸ್ನೇಹಿತರು ತಾಮ್ರವನ್ನೂ ಮುರುಕು ಪಾತ್ರೆಗಳನ್ನೂ ಹಡಗಿನಲ್ಲಿ ಕಳಿಸುವರು. ಇವನ ಕಾರ್ಖಾನೆಯಲ್ಲಿ ಅವು ಕರಗಿ ಹೊಸ ಪಾತ್ರೆಗಳಾಗಿ ಹಿಂದಿರುಗುವುವು. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ದಾಸಿಯನ್ನು ಮಂಗಳೂರಿನಲ್ಲಿ ಬಿಡುಗಡೆ ಮಾಡಿದ. ಅವಳು ಈ ಕರಾವಳಿಯವಳು. ಅವಳನ್ನೇ ಮದುವೆಯಾದನೆಂದು ವಿದ್ವಾಂಸರು ಹೇಳುತ್ತಾರೆ. ಕೈರೋದ ಹಳೆಯ ಸಿನಗಾಗಿನಲ್ಲಿ ಉಳಿದುಬಂದ ಕಾಗದಗಳಿಂದ ಇದೆಲ್ಲ ತಿಳಿದಿದೆ. ಗಂಡನ ಮನೆಯ ಪಾತ್ರೆಗಳ ಕಟ್ಟಳೆ ಕೇಳಿ ಆಶುವಿಗೆ ಅಷ್ಟೇನೂ ಆಶ್ಚರ್ಯವಾಗಿರಲಾರದು ಎಂದು ನನಗೆ ಅನಿಸುತ್ತದೆ.

ಅದೇ ಕಾಲದಲ್ಲಿ ಏಡನ್ನಿನ ಯಹೂದಿಗಳು ಕೈರೋದ ಪಂಡಿತರಿಗೆ ಒಂದು ಪ್ರಶ್ನೆ ಬರೆದು ಕಳಿಸಿದರು. ಚೀನಾದ ಪಿಂಗಾಣಿಯನ್ನು ಮಣ್ಣೆನ್ನಬೇಕೋ, ಗಾಜೆನ್ನಬೇಕೋ? ಮುಟ್ಟಾದ ಹೆಂಗಸರು ಅದನ್ನು ಮುಟ್ಟಿದರೆ ಏನು ಮಾಡಬೇಕು? ಉಪ್ಪಿನಕಾಯಿ ಭರಣಿಯಿಂದ ಮೂರು ದಿನ ದೂರ ನಿಂತು ಬೆಳೆದ ನಮ್ಮ ವಯಸ್ಸಿನವರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ.

ಯಹೂದಿಗಳಲ್ಲಿಯೂ ಪರರ ಅಡುಗೆಗೆ ಕಟ್ಟುಪಾಡುಗಳಿವೆ. ಆದರೆ ಅನ್ಯರು ಬಳಸಿದ ಲೋಹದ ಪಾತ್ರೆಯನ್ನು ಕುದಿಸಿ, ನೀರಿನಲ್ಲಿ ಮುಳುಗಿಸಿದ ಮೇಲೆ ಒಳಗೆ ತಂದುಕೊಳ್ಳಬಹುದು. ಇದನ್ನು ಓದಿದ ದಿನ ನನಗೆ ಚಳ್ಳಕೆರೆಯ ನಮ್ಮ ಮನೆಯ ಹಿತ್ತಿಲು ಕಣ್ಣಿಗೆ ಕಟ್ಟಿತು. ಶೇಂಗಾ ಸುಲಿಯಲು ಬರುತ್ತಿದ್ದ ಹೆಂಗಸಿಗೆಂದು ಗೋಡೆಯ ಗೂಡಿನಲ್ಲಿ ಒಂದು ಅಲ್ಯುಮಿನಿಯಂ ಲೋಟವಿತ್ತು. ಅವಳು ಅದನ್ನು ತಾನೇ ಬೂದಿ ಹಾಕಿ ತಿಕ್ಕಿ, ಬೋರಲು ಹಾಕಿ ಹೋಗುತ್ತಿದ್ದಳು. ಬೂದಿ ಅದೇ, ನೀರು ಅದೇ. ನಮ್ಮ ಹಿತ್ತಾಳೆಗೆ ಸಾಕಾಗುತ್ತಿದ್ದ ಶುದ್ಧಿ ಆ ಲೋಟಕ್ಕೆ ಎಂದೂ ಸಾಕಾಗಲಿಲ್ಲ. ಅದೇನು ಮಣ್ಣಿನದಲ್ಲ, ಹೀರಿಕೊಳ್ಳುವಂಥದ್ದೂ ಅಲ್ಲ. ನಾವು ದೂರ ಇಟ್ಟದ್ದು ಲೋಟವನ್ನಲ್ಲ ಎಂಬುದು ಬಿ.ಎಡ್. ಮುಗಿಸಿ ಬಂದ ನನಗೆ ಗೊತ್ತಿತ್ತು. ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯವನ್ನೇ ನುಡಿಯಿರಿ ಎಂದು ಬ್ರಹ್ಮಗಿರಿಯ ಬಂಡೆ ಹೇಳುವುದನ್ನು ತರಗತಿಯಲ್ಲಿ ಪಾಠ ಮಾಡಿ, ಮನೆಗೆ ಬಂದು ಸುಮ್ಮನಿರುತ್ತಿದ್ದೆ. ಆ ಲೋಟವನ್ನು ತೆಗೆಯುವ ಹೊತ್ತಿಗೆ ನನಗೆ ನಲವತ್ತಾಗಿತ್ತು. ಅವಳು ಆಗಲೇ ಬರುವುದನ್ನು ನಿಲ್ಲಿಸಿದ್ದಳು.

ಈಗ ಶಾಲೆಯಲ್ಲಿ ಬಿಸಿಯೂಟ ಮುಗಿದ ಮೇಲೆ ಸ್ಟೀಲ್ ತಟ್ಟೆಗಳನ್ನೆಲ್ಲ ಒಟ್ಟಿಗೆ ತೊಳೆದು ಜೋಡಿಸುತ್ತಾರೆ. ಮಾರನೆಯ ದಿನ ಯಾರ ತಟ್ಟೆ ಯಾರ ಕೈಗೋ. ಅವು ಒಂದಕ್ಕೊಂದು ತಾಗಿ ಸದ್ದಾದಾಗ ನಾನು ಒಮ್ಮೊಮ್ಮೆ ಅಲ್ಲಿಯೇ ನಿಂತು ನೋಡುತ್ತೇನೆ.