ಕಾಫಿಯ ಎಲೆತುಕ್ಕು: ಗುರುತು ಮತ್ತು ನಿವಾರಣೆ

1869ರಲ್ಲಿ ಸಿಂಹಳದ ಕಾಫಿ ಎಲೆಗಳ ಕೆಳಮೈಯಲ್ಲಿ ಕಂಡ ಕಿತ್ತಳೆ ಬಣ್ಣದ ಪುಡಿಯನ್ನು ಬರ್ಕ್ಲಿ ಮತ್ತು ಬ್ರೂಮ್ ಎಂಬ ವಿದ್ವಾಂಸರು ಪರೀಕ್ಷಿಸಿ, ಶಿಲೀಂಧ್ರಕ್ಕೆ ಹೆಮಿಲಿಯ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ಹೆಸರು ದೊರೆತರೂ ಉಪಾಯ ದೊರೆಯಲಿಲ್ಲ. 1880ರಲ್ಲಿ ಅಲ್ಲಿಗೆ ಬಂದ ಮಾರ್ಷಲ್ ವಾರ್ಡರು, ರೋಗಬೀಜಗಳು ನೀರಹನಿಯಲ್ಲಿ ಮೊಳೆತು ಪತ್ರರಂಧ್ರಗಳ ಮೂಲಕ ಒಳಹೊಗುವುದನ್ನು ತೋರಿಸಿದರು. ಆದುದರಿಂದ ರೋಗವನ್ನು ಮೊಳೆಯುವ ಮುನ್ನವೇ ತಡೆಯಬೇಕೆಂಬುದು ಸ್ಪಷ್ಟವಾಯಿತು. ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವು ಫ್ರಾನ್ಸಿನಲ್ಲಿ ಪ್ರಕಟವಾದುದು 1885ರಲ್ಲಿ. ಅಷ್ಟರಲ್ಲಿ ಸಿಂಹಳದ ತೋಟಗಾರರು ಚಹಾ ಬೆಳೆಗೆ ತಿರುಗುತ್ತಿದ್ದರು.

ಮೈಸೂರು, ಕೊಡಗುಗಳಿಗೂ ಇದೇ ತುಕ್ಕು ಬಂದಿತು. ಆದರೂ ಇಲ್ಲಿ ಕಾಫಿ ನೆರಳುಮರಗಳ ಕೆಳಗೆ ಉಳಿದುಕೊಂಡಿತು. ನೆರಳು ಅತಿ ದಟ್ಟವಾದರೆ ಎಲೆಯ ತೇವ ಆರದೆ ಕೊಳೆರೋಗಕ್ಕೆ ಎಡೆಯಾಗುತ್ತದೆ. ಮಳೆಗಾಲಕ್ಕೆ ಮುನ್ನ ಕೊಂಬೆ ಸವರಿ ನೆರಳನ್ನು ಹದಗೊಳಿಸುವುದೂ ಔಷಧ ಸಿಂಪಡಿಸುವಷ್ಟೇ ಮುಖ್ಯವಾದ ಚಿಕಿತ್ಸೆಯೆಂದು ನಾವು ಭಾವಿಸುತ್ತೇವೆ.